ಎಷ್ಟು ಸಲ ಹೇಳಿಕೊಟ್ಟರೂ ಲೆಕ್ಕದಲ್ಲಿ ಅದೇ ತಪ್ಪು. ಪಾಠವನ್ನೇ ಬೇರೆ ಥರ ಕಟ್ಟಿ ನೋಡಿದವರು ಇದ್ದೀರಾ?

ನಾಲ್ಕನೇ ತರಗತಿ ಟೀಚರ್

ಎಲ್ಲರಿಗೂ ನಮಸ್ಕಾರ. ಒಂದು ನೋಟ್‌ಬುಕ್ಕಿನ ಪುಟದಿಂದ ಶುರು ಮಾಡುತ್ತೇನೆ. ಎರಡು ವಾರದಿಂದ ಅದು ತಲೆಯಿಂದ ಹೋಗುತ್ತಿಲ್ಲ.

52ರಲ್ಲಿ 27 ಕಳೆಯಿರಿ ಅಂತ ಕೊಟ್ಟಿದ್ದೆ. ಹುಡುಗಿ 35 ಅಂತ ಬರೆದಿದ್ದಳು. ಅದರ ಕೆಳಗೆ 83ರಲ್ಲಿ 46, ಉತ್ತರ 43. ಅದರ ಕೆಳಗೆ 70ರಲ್ಲಿ 38, ಉತ್ತರ 48. ಮೂರೂ ತಪ್ಪು. "ದಶಕ ತೆಗೆದುಕೊಳ್ಳಲು ಮರೆತಿದ್ದೀಯ" ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಹಿಂದಿನ ಪುಟ ತಿರುಗಿಸಿದರೆ ಅಲ್ಲೂ ಅದೇ ಸಾಲು, ನನ್ನದೇ ಅಕ್ಷರ. ಅದಕ್ಕೂ ಹಿಂದೆ ಮತ್ತೊಂದು.

ಅವತ್ತು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, "ಇದನ್ನ ಹೇಗೆ ಮಾಡಿದೆ, ಹೇಳು ಪುಟ್ಟಾ." ಬೆರಳಿಟ್ಟು ತೋರಿಸುತ್ತಾ ಹೇಳಿದಳು: "ಎರಡರಲ್ಲಿ ಏಳು ಹೋಗಲ್ಲ ಮಿಸ್. ಅದಕ್ಕೆ ಏಳರಲ್ಲಿ ಎರಡು ಕಳೆದೆ. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿದ್ರಲ್ಲ."

ಹೌದು, ಹೋದ ವರ್ಷ ನಾನೇ ಹೇಳಿದ್ದೆ. ಅವಳು ಏನನ್ನೂ ಮರೆತಿರಲಿಲ್ಲ. ಹೇಳಿದ್ದನ್ನು ನೆನಪಿಟ್ಟುಕೊಂಡು ನಿಯತ್ತಾಗಿ ಪಾಲಿಸಿದ್ದಳು. "ಮರೆತಿದ್ದೀಯ" ಅಂತ ಮೂರು ಸಲ ಬರೆದ ನನ್ನ ಮಾತು ಅವಳಿಗೆ ಅರ್ಥವೇ ಆಗಿರಲಿಕ್ಕಿಲ್ಲ.

ಅಂದಿನಿಂದ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿದೆ. ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ. ಮಗು ಯಾವ ದಾರಿಯಲ್ಲಿ ಹೋಯಿತು ಅಂತ ಗೊತ್ತಾಗದೆ ಅದೇ ಪಾಠವನ್ನು ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ಹೇಳಿದರೆ ಪ್ರಯೋಜನ ಇಲ್ಲ. ಹಾಗಾದರೆ ಯಾವ ತಪ್ಪು ಬರುತ್ತದೆ ಅಂತ ಮೊದಲೇ ಊಹಿಸಿ, ಅದರ ಸುತ್ತ ಪಾಠ ಕಟ್ಟುವುದು ಹೇಗೆ? ನಿಮ್ಮ ಅನುಭವ ಹೇಳಿ.

ಹೈಸ್ಕೂಲ್ ಗಣಿತ ಮೇಷ್ಟ್ರು

ಮೇಡಂ, ಆ ಹುಡುಗಿ ನನ್ನ ಕ್ಲಾಸಿಗೆ ಬರುವ ಹೊತ್ತಿಗೆ ಏನಾಗುತ್ತೆ ಅಂತ ಹೇಳಲಾ? ಕಳೆಯುವ ಲೆಕ್ಕ ಹೇಗೋ ಸರಿಹೋಗಿರುತ್ತೆ. ಆದರೆ ಅದೇ ಥರದ ಇನ್ನೊಂದು ನಿಯಮ ಭಿನ್ನರಾಶಿಯಲ್ಲಿ ಕೂತಿರುತ್ತೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಅಂದರೆ 2/5 ಅಂತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ ಅಂತ ಮಗುವಿಗೆ ಅನ್ನಿಸೋದೇ ಇಲ್ಲ. ಯಾಕಂದ್ರೆ ಅದಕ್ಕೆ 2/5 ಒಂದು ಸಂಖ್ಯೆ ಅಲ್ಲ. ಗೆರೆಯ ಮೇಲೊಂದು ಅಂಕಿ, ಕೆಳಗೊಂದು ಅಂಕಿ, ಅಷ್ಟೆ.

ಇದು ನಮ್ಮ ಮಕ್ಕಳದ್ದು ಮಾತ್ರ ಅಲ್ಲ. ಅಮೆರಿಕದಲ್ಲಿ 1978ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. 12/13 ಮತ್ತು 7/8 ಕೂಡಿಸಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಎರಡೂ ಹತ್ತಿರ ಹತ್ತಿರ ಒಂದು. ಹಾಗಾಗಿ ಉತ್ತರ 2. ಸರಿಯಾಗಿ ಹೇಳಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 19 ಅಥವಾ 21 ಆರಿಸಿದ್ದರು. ಅಂಶ ಅಂಶ ಕೂಡಿಸಿದರೆ 19, ಛೇದ ಛೇದ ಕೂಡಿಸಿದರೆ 21.

ನಾನು ಈಗ ಭಿನ್ನರಾಶಿಯನ್ನು ಸಂಖ್ಯಾರೇಖೆಯಿಂದಲೇ ಶುರು ಮಾಡುತ್ತೇನೆ. ವೃತ್ತ ಬರೆದು ತುಂಡು ಮಾಡಿ ಬಣ್ಣ ಹಚ್ಚುವುದು ಆಮೇಲೆ. ಸೊನ್ನೆಯಿಂದ ಎರಡರವರೆಗೆ ಗೆರೆ ಎಳೆದು 3/4 ಎಲ್ಲಿ, 5/4 ಎಲ್ಲಿ, 12/13 ಎಲ್ಲಿ ಅಂತ ಇಡಿಸುತ್ತೇನೆ. ವೃತ್ತದಲ್ಲಿ 5/4 ಅಂದರೆ ಮಕ್ಕಳು "ನಾಲ್ಕೇ ತುಂಡು ಇರೋದು ಸರ್, ಐದು ಎಲ್ಲಿಂದ ಬಂತು" ಅಂತಾರೆ. ಗೆರೆಯಲ್ಲಿ ಆ ತೊಂದರೆ ಇಲ್ಲ, ಒಂದನ್ನು ದಾಟಿ ಮುಂದೆ ಹೋದರಾಯಿತು.

ಇಬ್ಬರು ಮಕ್ಕಳ ತಾಯಿ

ನಾನು ಟೀಚರ್ ಅಲ್ಲ, ಮಧ್ಯೆ ಬಾಯಿ ಹಾಕಬಹುದು ಅಲ್ವಾ? ನನ್ನ ಮಗ ಆರನೇ ತರಗತಿ. 0.35 ದೊಡ್ಡದಾ 0.8 ದೊಡ್ಡದಾ ಅಂದರೆ 0.35 ಅಂತಾನೆ. "ಮೂವತ್ತೈದು ಎಂಟಕ್ಕಿಂತ ದೊಡ್ಡದಲ್ವಾ ಅಮ್ಮಾ" ಅಂತಾನೆ. ನಾನು ಹೇಳಿಕೊಟ್ಟೆ, ಸೊನ್ನೆ ಸೇರಿಸಿ 0.80 ಮಾಡಿಕೋ ಅಂತ. ಆ ದಿನ ಸರಿ ಮಾಡಿದ. ಮಾರನೇ ದಿನ ಮತ್ತೆ ಅದೇ. ಆದರೆ ಪರೀಕ್ಷೆಯಲ್ಲಿ ದಶಮಾಂಶದ ಹೋಲಿಕೆಗೆ ಪೂರ್ತಿ ಅಂಕ ಬಂದಿದೆ! ಅದು ಹೇಗೆ ಅಂತ ನನಗೆ ತಿಳಿಯುತ್ತಿಲ್ಲ.

ನಾಲ್ಕನೇ ತರಗತಿ ಟೀಚರ್

ಖಂಡಿತಾ ಬಾಯಿ ಹಾಕಿ, ಇದು ತುಂಬಾ ಒಳ್ಳೆ ಪ್ರಶ್ನೆ. ನನಗೂ ದಶಮಾಂಶದಲ್ಲೇ ಕಣ್ಣು ತೆರೆದಿದ್ದು. ಆ ಪರೀಕ್ಷೆಯಲ್ಲಿ ಯಾವ ಸಂಖ್ಯೆ ಕೊಟ್ಟಿದ್ದರು ನೋಡಿ. 0.75 ದೊಡ್ಡದೋ 0.5 ದೊಡ್ಡದೋ, 3.62 ದೊಡ್ಡದೋ 3.48 ದೊಡ್ಡದೋ ಅನ್ನೋ ಥರ ಇದ್ದಿರಬೇಕು. ಬಿಂದುವನ್ನು ಮರೆತು 75ಕ್ಕೂ 5ಕ್ಕೂ ಹೋಲಿಸಿದರೂ ಉತ್ತರ ಸರಿ ಬರುತ್ತೆ. 62, 48 ಕೂಡ ಹಾಗೇ. ಮಗುವಿಗೆ ಪೂರ್ತಿ ಅಂಕ ಬರುತ್ತೆ, ತಪ್ಪು ತಿಳುವಳಿಕೆ ಹಾಗೇ ಒಳಗೆ ಉಳಿಯುತ್ತೆ. ಟೀಚರಿಗೂ ಅಧ್ಯಾಯ ಮುಗಿಸಿದ ಸಮಾಧಾನ.

ಇದಕ್ಕೆ ಉಲ್ಟಾ ಯೋಚಿಸುವ ಮಕ್ಕಳೂ ಇದ್ದಾರೆ. ಬಿಂದುವಿನ ಮುಂದೆ ಅಂಕಿ ಜಾಸ್ತಿ ಇದ್ದರೆ ಚಿಕ್ಕ ಸಂಖ್ಯೆ ಅಂತ ನಂಬಿರುತ್ತಾರೆ. ಸಾವಿರದ ಭಾಗ ಅಂದರೆ ಪುಟ್ಟದು, ಹಾಗಾಗಿ ಸಾವಿರದ ಭಾಗ ಇರುವ ಸಂಖ್ಯೆಯೂ ಪುಟ್ಟದು ಅನ್ನೋದು ಅವರ ಲೆಕ್ಕ. ಅವರು 0.35ಕ್ಕಿಂತ 0.8 ದೊಡ್ಡದು ಅಂತ ಸರಿಯಾಗೇ ಹೇಳ್ತಾರೆ. 0.3 ಮತ್ತು 0.496 ಕೊಟ್ಟರೆ ಮಾತ್ರ 0.3 ದೊಡ್ಡದು ಅಂತ ಸಿಕ್ಕಿಬೀಳ್ತಾರೆ.

ಹಾಗಾಗಿ ನಾನು ಈಗ ಪ್ರಶ್ನೆಗಳನ್ನು ಆರಿಸಿ ಕೊಡುತ್ತೇನೆ. 0.35 ಮತ್ತು 0.8 ಒಂದು. 0.3 ಮತ್ತು 0.496 ಒಂದು. 4.7 ಮತ್ತು 4.08 ಒಂದು. 0.4 ಮತ್ತು 0.40 ಒಂದು. ನಾಲ್ಕೇ ಪ್ರಶ್ನೆ. ಇಪ್ಪತ್ತು ಪ್ರಶ್ನೆಯ ಪರೀಕ್ಷೆಗಿಂತ ಇದರಿಂದ ಜಾಸ್ತಿ ಗೊತ್ತಾಗುತ್ತೆ. ಯಾವ ಮಗು ಯಾವ ಜೋಡಿಯಲ್ಲಿ ಎಡವಿತು ಅಂತ ನೋಡಿದರೆ ಅದರ ತಲೆಯಲ್ಲಿರುವ ನಿಯಮ ಕಾಣಿಸುತ್ತೆ.

ಸೊನ್ನೆ ಸೇರಿಸುವ ಉಪಾಯ ತಪ್ಪಲ್ಲ. ಆದರೆ ಯಾಕೆ ಸೇರಿಸಬಹುದು ಅಂತ ಗೊತ್ತಿಲ್ಲದಿದ್ದರೆ ಅದೂ ಇನ್ನೊಂದು ಬಾಯಿಪಾಠ ಆಗುತ್ತೆ. ಒಂದು ಉದ್ದ ಕಾಗದದ ಪಟ್ಟಿ ತಗೊಳ್ಳಿ. ಅದು ಒಂದು. ಹತ್ತು ಸಮ ಭಾಗಕ್ಕೆ ಗೆರೆ ಹಾಕಿ. ಎಂಟು ಭಾಗಕ್ಕೆ ಬಣ್ಣ ಹಚ್ಚಿಸಿ, 0.8. ಇನ್ನೊಂದು ಪಟ್ಟಿಯಲ್ಲಿ ಮೂರು ಭಾಗಕ್ಕೆ ಹಚ್ಚಿಸಿ. ನಾಲ್ಕನೇ ಭಾಗವನ್ನು ಮತ್ತೆ ಹತ್ತು ಸಣ್ಣ ಗೀಟು ಮಾಡಿ ಐದಕ್ಕೆ ಮಾತ್ರ ಬಣ್ಣ. ಅದು 0.35. ಪಕ್ಕ ಪಕ್ಕ ಇಟ್ಟು ಮಗನನ್ನೇ ಕೇಳಿ. ನೀವು ಏನೂ ಹೇಳಬೇಡಿ.

ಇನ್ನೊಂದು ಮಾತು. ಮನೆಯಲ್ಲಿ "ಸೊನ್ನೆ ಬಿಂದು ಮೂವತ್ತೈದು" ಅಂತ ಓದುತ್ತೀರಾ? ಅದನ್ನು ಬಿಡಿ. "ಸೊನ್ನೆ ಬಿಂದು ಮೂರು ಐದು" ಅನ್ನಿ. ಮೂವತ್ತೈದು ಅಂತ ಕಿವಿಗೆ ಬಿದ್ದ ತಕ್ಷಣ ಮಗು ಮೂವತ್ತೈದನ್ನೇ ನೋಡುತ್ತೆ.

ತರಬೇತಿಯಲ್ಲಿರುವ ಶಿಕ್ಷಕಿ

ಓದುವ ರೀತಿ ಅಂದಿದ್ದಕ್ಕೆ ನೆನಪಾಯಿತು. 2/3 ಅನ್ನು ನಾವು "ಮೂರನೇ ಎರಡು" ಅಂತೀವಿ. ಛೇದ ಮೊದಲು, ಅಂಶ ಆಮೇಲೆ. ಬರೆಯುವಾಗ ಮೇಲಿನಿಂದ ಕೆಳಗೆ, ಅಂದರೆ ಅಂಶ ಮೊದಲು. ನಾನು ಮೊನ್ನೆ ಪಾಠ ಮಾಡುವಾಗ "ಮೂರನೇ ಎರಡು ಬರೆಯಿರಿ" ಅಂದೆ. ಏಳೆಂಟು ಮಕ್ಕಳು 3/2 ಬರೆದಿದ್ದರು. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆದಿದ್ದಾರೆ, ಅವರದ್ದೇನು ತಪ್ಪು? "ಎರಡು ಬೈ ಮೂರು" ಅಂದರೆ ಗೊಂದಲ ಹೋಗುತ್ತೆ, ಆದರೆ ಅರ್ಥವೂ ಹೋಗುತ್ತೆ. ನಾನು ಈಗ "ಮೂರು ಸಮ ಭಾಗ ಮಾಡಿ, ಅದರಲ್ಲಿ ಎರಡು" ಅಂತ ಪೂರ್ತಿ ಹೇಳುತ್ತೇನೆ. ಉದ್ದ ಆಗುತ್ತೆ ನಿಜ, ಮೊದಲ ಒಂದೆರಡು ವಾರ ಅಷ್ಟೆ.

ನಿವೃತ್ತ ಮುಖ್ಯೋಪಾಧ್ಯಾಯ

ಎಲ್ಲರ ಮಾತೂ ಓದಿದೆ. ಸಂತೋಷ. ಆದರೆ ನನ್ನದೊಂದು ಬೇರೆ ಅಭಿಪ್ರಾಯ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಈಗ ಮಗ್ಗಿ ಹೇಳಿಸುವುದೇ ಕೆಟ್ಟದ್ದು ಅನ್ನುವಂತಾಗಿದೆ. ಏಳೆಂಟಲಿ ಎಷ್ಟು ಅಂದರೆ ಎಂಟನೇ ತರಗತಿ ಹುಡುಗ ಬೆರಳು ಎಣಿಸುತ್ತಾನೆ. ಅಂಥವನಿಗೆ ಯಾವ ಪಟ್ಟಿ, ಯಾವ ಗೆರೆ ತೋರಿಸಿದರೂ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ನಾವು ಬಾಯಿಪಾಠ ಮಾಡಿಸಿದೆವು, ಮಕ್ಕಳು ಕಲಿತರು.

ಹೈಸ್ಕೂಲ್ ಗಣಿತ ಮೇಷ್ಟ್ರು

ಸರ್, ಮಗ್ಗಿ ಬೇಕೇ ಬೇಕು, ಇದರಲ್ಲಿ ನಾನು ನಿಮ್ಮ ಪರ. ನಾವು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡಬಲ್ಲ ಸಂಗತಿಗಳು ತುಂಬಾ ಕಡಿಮೆ. ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞ 1956ರಲ್ಲಿ ಏಳರ ಆಸುಪಾಸು ಅಂದಿದ್ದರು. ಆಮೇಲೆ ಬಂದ ಸಂಶೋಧನೆ ಅದನ್ನ ನಾಲ್ಕರ ಹತ್ತಿರಕ್ಕೆ ಇಳಿಸಿದೆ. ದೊಡ್ಡ ಭಾಗಾಕಾರದ ಮಧ್ಯೆ ಏಳೆಂಟಲಿ ಎಣಿಸುತ್ತಾ ಕೂತರೆ ತಾನು ಎಲ್ಲಿದ್ದೆ ಅನ್ನೋದೇ ಹುಡುಗನಿಗೆ ಮರೆತುಹೋಗುತ್ತೆ. ಮಗ್ಗಿ ನಾಲಿಗೆ ಮೇಲಿದ್ದರೆ ತಲೆ ಖಾಲಿ ಇರುತ್ತೆ, ಲೆಕ್ಕದ ಕಡೆ ಗಮನ ಹೋಗುತ್ತೆ.

ಆದರೆ ಸರ್, ನಾವು ಬಾಯಿಪಾಠ ಮಾಡಿಸಿದವರೆಲ್ಲ ಕಲಿತರಾ? ಕಲಿತವರು ನಮಗೆ ನೆನಪಿದ್ದಾರೆ. ಬಿಟ್ಟುಹೋದವರ ಹೆಸರು ಹಾಜರಿ ಪುಸ್ತಕದಿಂದಲೇ ಹೋಯಿತು. ನನ್ನ ಜೊತೆ ಓದಿದವರಲ್ಲೇ ಗಣಿತಕ್ಕೆ ಹೆದರಿ ಶಾಲೆ ಬಿಟ್ಟವರಿದ್ದಾರೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತೆ.

ಮಗ್ಗಿಯನ್ನೇ ಸ್ವಲ್ಪ ಬೇರೆ ಥರ ಕಲಿಸಬಹುದು. ಏಳೆಂಟಲಿ ಮರೆತರೆ ಏಳೇಳಲಿ ನಲವತ್ತೊಂಬತ್ತು, ಅದಕ್ಕೆ ಏಳು ಸೇರಿಸು, ಐವತ್ತಾರು. ಈ ಸೇತುವೆ ಗೊತ್ತಿರುವ ಮಗು ಮರೆತರೂ ಮತ್ತೆ ದಾರಿ ಹಿಡಿಯುತ್ತೆ.

ನಿವೃತ್ತ ಮುಖ್ಯೋಪಾಧ್ಯಾಯ

ಬಿಟ್ಟುಹೋದವರ ಮಾತು ನಿಜ ಮೇಷ್ಟ್ರೇ. ಒಪ್ಪಿದೆ. ಮಗ್ಗಿಯೂ ಇರಲಿ, ಸೇತುವೆಯೂ ಇರಲಿ.

ತುಂಬಿದ ಕ್ಲಾಸಿನ ಟೀಚರ್

ಎಲ್ಲ ಸರಿ, ನನ್ನ ಕ್ಲಾಸಿನಲ್ಲಿ ಐವತ್ತೆಂಟು ಮಕ್ಕಳಿದ್ದಾರೆ. ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು "ಹೇಗೆ ಮಾಡಿದೆ" ಅಂತ ಕೇಳುತ್ತಾ ಹೋದರೆ ವರ್ಷ ಮುಗಿದುಹೋಗುತ್ತೆ. ಪಾಠ ಮುಗಿಸಬೇಕಲ್ಲ?

ನಾಲ್ಕನೇ ತರಗತಿ ಟೀಚರ್

ನಿಮ್ಮ ಕಷ್ಟ ಗೊತ್ತು ಮೇಡಂ. ಒಬ್ಬೊಬ್ಬರನ್ನೂ ಕೇಳಲು ನನಗೂ ಆಗಲ್ಲ. ಅದಕ್ಕೆ ಪ್ರಶ್ನೆಯನ್ನೇ ನಮ್ಮ ಬದಲು ಕೇಳುವ ಹಾಗೆ ಮಾಡಿಕೊಳ್ಳಬೇಕು.

ಬೋರ್ಡಿನ ಮೇಲೆ 52 − 27 ಬರೆಯಿರಿ. ಪಕ್ಕದಲ್ಲಿ ನಾಲ್ಕು ಉತ್ತರ: 25, 35, 79, 24. ಸುಮ್ನೆ ಬಾಯಿಗೆ ಬಂದ ಸಂಖ್ಯೆಗಳಲ್ಲ ಇವು. 35 ಹೇಳಿದ ಮಗು ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದೆ. 79 ಹೇಳಿದ ಮಗು ಕೂಡಿಸಿದೆ, ಚಿಹ್ನೆ ನೋಡಿಲ್ಲ. 24 ಹೇಳಿದ ಮಗುವಿಗೆ ದಾರಿ ಗೊತ್ತಿದೆ, ಎಣಿಸುವುದರಲ್ಲಿ ಒಂದು ತಪ್ಪಿದೆ. ಎಲ್ಲರೂ ಒಂದು, ಎರಡು, ಮೂರು, ನಾಲ್ಕು ಬೆರಳನ್ನು ಎದೆಗೆ ಹತ್ತಿರ ಹಿಡಿದು ತೋರಿಸಬೇಕು. ಪಕ್ಕದವರಿಗೆ ಕಾಣಬಾರದು. ಒಂದು ನಿಮಿಷದಲ್ಲಿ ಐವತ್ತೆಂಟು ಮಕ್ಕಳ ತಲೆಯೊಳಗೆ ಏನಿದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತೆ. ಅರ್ಧ ಕ್ಲಾಸು 35 ಅಂದರೆ ಇವತ್ತಿನ ಪಾಠ ಅದೇ. ಮೂವರು ಮಾತ್ರ ಅಂದರೆ ಉಳಿದವರಿಗೆ ಅಭ್ಯಾಸ ಕೊಟ್ಟು ಆ ಮೂವರ ಹತ್ತಿರ ಹೋಗಿ ಕೂರಬಹುದು.

ತರಬೇತಿಯಲ್ಲಿರುವ ಶಿಕ್ಷಕಿ

ಕಾಯುವುದರ ಬಗ್ಗೆಯೂ ಒಂದು ಮಾತು ಸೇರಿಸಲಾ? 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನುವವರು ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಮಾಡಿದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಮೊದಲ ದಿನ ಆ ಮೌನ ತಡೆಯೋಕೆ ಆಗಲಿಲ್ಲ. ಈಗ ಅಭ್ಯಾಸ ಆಗಿದೆ.

ಹೈಸ್ಕೂಲ್ ಗಣಿತ ಮೇಷ್ಟ್ರು

ಬೀಜಗಣಿತದ ಬಗ್ಗೆ ಬರೆಯದೆ ಇದ್ದರೆ ನನಗೆ ನಿದ್ದೆ ಬರಲ್ಲ. ಸಮ ಚಿಹ್ನೆ ಅಂದರೆ ಏನು ಅಂತ ನಿಮ್ಮ ಮಕ್ಕಳನ್ನು ಕೇಳಿ. "ಉತ್ತರ ಬರೆಯೋ ಜಾಗ" ಅಂತಾರೆ. 8 + 4 = □ + 5 ಕೊಟ್ಟು ನೋಡಿ. ಖಾಲಿ ಜಾಗದಲ್ಲಿ ಸುಮಾರು ಜನ 12 ಬರೀತಾರೆ, ಕೆಲವರು 17 ಬರೀತಾರೆ. 7 ಬರೆಯೋರು ಕಡಿಮೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದರಿಂದ ಆರನೇ ತರಗತಿವರೆಗೆ ಯಾವ ತರಗತಿಯಲ್ಲೂ ಸರಿ ಉತ್ತರ ಕೊಟ್ಟವರು ಶೇ. 10 ದಾಟಿರಲಿಲ್ಲ.

ಯಾಕೆ ಹೀಗೆ? ವರ್ಷಗಟ್ಟಲೆ ಮಗು ನೋಡಿದ್ದು 3 + 4 = ಅನ್ನುವುದನ್ನೇ. ಎಡಗಡೆ ಲೆಕ್ಕ, ಬಲಗಡೆ ಉತ್ತರ. ಕ್ಯಾಲ್ಕುಲೇಟರಿನಲ್ಲೂ ಆ ಗುಂಡಿ ಒತ್ತಿದರೆ ಉತ್ತರ ಬರುತ್ತೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನೋ ಗಣಿತಜ್ಞ ಈ ಚಿಹ್ನೆ ತಂದಾಗ ಎರಡು ಸಮಾನಾಂತರ ಗೆರೆ ಆರಿಸಿದ್ದೇ ಅವೆರಡಕ್ಕಿಂತ ಸಮವಾದದ್ದು ಬೇರೆ ಇಲ್ಲ ಅನ್ನೋ ಕಾರಣಕ್ಕೆ. ನಮ್ಮ ಮಕ್ಕಳಿಗೆ ಆ ಅರ್ಥ ತಲುಪೇ ಇಲ್ಲ. ಇದೇ ಮಗು ಮುಂದೆ 3ಎಕ್ಸ್ + 2 = ಎಕ್ಸ್ + 10 ನೋಡಿದಾಗ ಏನು ಮಾಡಬೇಕು?

ಪರಿಹಾರಕ್ಕೆ ಖರ್ಚೇ ಇಲ್ಲ. ಒಂದನೇ ತರಗತಿಯಿಂದಲೇ 7 = 3 + 4 ಅಂತಲೂ ಬರೆಯಿರಿ. 5 + 2 = 3 + 4 ಅಂತ ಬರೆಯಿರಿ. 6 = 6 ಅಂತ ಬರೆದು "ಇದು ಸರೀನಾ" ಅಂತ ಕೇಳಿ, ಎಷ್ಟು ಜೋರು ಜಗಳ ಆಗುತ್ತೆ ನೋಡಿ. "ಲೆಕ್ಕವೇ ಇಲ್ವಲ್ಲ ಸರ್" ಅಂತಾರೆ. ಆ ಜಗಳದಿಂದಲೇ ಕಲಿಯೋದು.

ದೊಡ್ಡವರಿಗೂ ಇದು ಸುಲಭ ಅಲ್ಲ. ಒಬ್ಬ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ವ, ಪ್ರಾಧ್ಯಾಪಕರ ಸಂಖ್ಯೆ ಪ. ಸಮೀಕರಣ ಬರೆಯಿರಿ. 1981ರ ಅಧ್ಯಯನ ಒಂದರಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಲ್ಲೇ ಶೇ. 37 ಜನ ತಪ್ಪು ಮಾಡಿದ್ದರು. ಹೆಚ್ಚಿನವರು ಬರೆದಿದ್ದು 6ವ = ಪ. ವಾಕ್ಯ ಹೋದ ಹಾಗೇ ಬರೆದುಕೊಂಡು ಹೋಗಿದ್ದಾರೆ. ವ ಅಂದರೆ ವಿದ್ಯಾರ್ಥಿ ಅಂತ ಓದಿದರೆ ಹೀಗೇ ಆಗೋದು, ಅದು ವಿದ್ಯಾರ್ಥಿಗಳ *ಸಂಖ್ಯೆ*. ಇಬ್ಬರು ಪ್ರಾಧ್ಯಾಪಕರು ಅಂತ ಇಟ್ಟುಕೊಂಡು ಪರೀಕ್ಷಿಸಿ ಅಂದರೆ ತಾವೇ ತಿದ್ದಿಕೊಳ್ತಾರೆ. ಇಬ್ಬರಿದ್ದರೆ ಹನ್ನೆರಡು ವಿದ್ಯಾರ್ಥಿಗಳು. 12 = 6 × 2. ಹಾಗಾದರೆ ವ = 6ಪ. ನಾನು ಈಗ ಯಾವ ಸಮೀಕರಣ ಬರೆದರೂ ಒಂದು ಸಂಖ್ಯೆ ಹಾಕಿ ನೋಡದೆ ಮುಂದೆ ಹೋಗಲು ಬಿಡುವುದಿಲ್ಲ.

ಇಬ್ಬರು ಮಕ್ಕಳ ತಾಯಿ

ಕಾಗದದ ಪಟ್ಟಿ ಮಾಡಿ ನೋಡಿದೆ! ಅವನು ಎರಡನ್ನೂ ಪಕ್ಕ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. "ಓ, ಐದು ಅಂದ್ರೆ ಈ ಪುಟ್ಟ ಪುಟ್ಟ ಐದಾ?" ಅಂದ. ನನಗೆ ಕಣ್ಣಲ್ಲಿ ನೀರೇ ಬಂತು. ಮಗಳು ಇನ್ನೂ ಎರಡನೇ ತರಗತಿ, ಅವಳ ಬಗ್ಗೆ ಬೇರೆ ಚಿಂತೆ ಇದೆ. ನಾಲ್ಕು ಕಲ್ಲು ಇಟ್ಟರೂ ಒಂದೊಂದಾಗಿ ಮುಟ್ಟಿ ಎಣಿಸುತ್ತಾಳೆ. ಮತ್ತೆ ಅವೇ ನಾಲ್ಕನ್ನು ಸ್ವಲ್ಪ ದೂರ ದೂರ ಇಟ್ಟರೆ ಮತ್ತೆ ಎಣಿಸುತ್ತಾಳೆ. ಅವಳಿಗೆ ಡಿಸ್‌ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ, ಲೆಕ್ಕ ಕಲಿಯುವುದರಲ್ಲೇ ಇರುವ ತೊಂದರೆ, ಇರಬಹುದಾ?

ವಿಶೇಷ ಶಿಕ್ಷಕಿ

ಇಷ್ಟನ್ನೇ ಕೇಳಿ ಹೌದು ಅಥವಾ ಇಲ್ಲ ಅಂತ ಯಾರೂ ಹೇಳಬಾರದು ಅಮ್ಮ, ನಾನೂ ಹೇಳಲ್ಲ. ಡಿಸ್‌ಕ್ಯಾಲ್ಕುಲಿಯಾ ಅನ್ನೋದು ನಿಜವಾಗಿಯೂ ಇದೆ. ನೂರು ಮಕ್ಕಳಲ್ಲಿ ಸುಮಾರು ಮೂರರಿಂದ ಏಳು ಮಕ್ಕಳಿಗೆ ಇರುತ್ತದೆ ಅಂತ ಅಂದಾಜು. ಬುದ್ಧಿ ಕಡಿಮೆ ಅಂತ ಅರ್ಥ ಅಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ. ಎಷ್ಟಿದೆ ಅನ್ನೋದನ್ನು ಒಂದೇ ನೋಟಕ್ಕೆ ಹಿಡಿಯುವುದು, ಯಾವುದು ಜಾಸ್ತಿ ಅಂತ ಹೇಳುವುದು ಅವರಿಗೆ ಕಷ್ಟ. ತಿಂಗಳುಗಟ್ಟಲೆ ಒಳ್ಳೆಯ ರೀತಿಯಲ್ಲಿ ಹೇಳಿಕೊಟ್ಟ ಮೇಲೂ ಹಾಗೇ ಇದ್ದರೆ ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿ.

ಅಲ್ಲಿಯವರೆಗೆ ಕಾಯುತ್ತಾ ಕೂರಬೇಕಿಲ್ಲ. ದಾಳದ ಚುಕ್ಕಿಗಳ ಥರ ಕಾರ್ಡ್ ಮಾಡಿ. ಒಂದು ಕ್ಷಣ ತೋರಿಸಿ ಮುಚ್ಚಿ. "ಎಷ್ಟಿತ್ತು, ಹೇಗೆ ಕಾಣಿಸ್ತು" ಅಂತ ಕೇಳಿ. "ಎರಡು ಮೇಲೆ, ಎರಡು ಕೆಳಗೆ" ಅಂದರೆ ಅದೇ ದೊಡ್ಡ ಹೆಜ್ಜೆ. ಮೂರರಿಂದ ಶುರು ಮಾಡಿ, ಐದಕ್ಕೆ ನಿಲ್ಲಿಸಿ. ದಿನಕ್ಕೆ ಐದು ನಿಮಿಷ ಸಾಕು. ಗಡಿಯಾರ ಇಟ್ಟು ಅವಸರ ಮಾಡಬೇಡಿ. ಭಯ ಬಂದರೆ ಆ ಭಯವೇ ತಲೆಯಲ್ಲಿ ಜಾಗ ಹಿಡಿದುಬಿಡುತ್ತೆ, ಲೆಕ್ಕಕ್ಕೆ ಜಾಗ ಉಳಿಯಲ್ಲ.

ಇನ್ನೊಂದನ್ನು ಒತ್ತಿ ಹೇಳಬೇಕು. ನನ್ನ ಹತ್ತಿರ "ಇವನಿಗೆ ಗಣಿತ ಬರಲ್ಲ" ಅಂತ ಕಳಿಸಿದ ಮಕ್ಕಳಲ್ಲಿ ಎಷ್ಟೋ ಮಕ್ಕಳಿಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ. ಸ್ಥಾನಬೆಲೆ ಒಂದು ಅರ್ಥ ಆಗಿರಲಿಲ್ಲ. ಅದರ ಮೇಲೆ ಮೂರು ವರ್ಷದ ಪಾಠ ಪೇರಿಸಿದ್ದರು.

ತುಂಬಿದ ಕ್ಲಾಸಿನ ಟೀಚರ್

ಬೆರಳು ತೋರಿಸುವುದನ್ನು ಇವತ್ತು ಮಾಡಿದೆ. ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು ಎರಡು ಬೆರಳು, ಅಂದರೆ 35. ಅವರಲ್ಲಿ ನಾನು ಚುರುಕು ಅಂದುಕೊಂಡಿದ್ದವರೂ ಇದ್ದರು. ಮುಂದೇನು? ಹತ್ತು ಹತ್ತು ಕಡ್ಡಿಯ ಕಟ್ಟು, ಬಿಡಿ ಕಡ್ಡಿ ಕೊಟ್ಟು ಮಾಡಿಸಿದ್ದೇನೆ ಮುಂಚೆ. ಕಡ್ಡಿಯಲ್ಲಿ ಸರಿ ಮಾಡ್ತಾರೆ, ಪುಸ್ತಕಕ್ಕೆ ಬಂದ ಕೂಡಲೇ ಮತ್ತೆ ಅದೇ.

ವಿಶೇಷ ಶಿಕ್ಷಕಿ

ಕಡ್ಡಿಯಿಂದ ಅಂಕಿಗೆ ಒಂದೇ ನೆಗೆತ ಆಗಿಬಿಟ್ಟಿದೆ ಮೇಡಂ. ಮೊದಲು ಕೈಯಲ್ಲಿ, ಆಮೇಲೆ ಚಿತ್ರದಲ್ಲಿ, ಆಮೇಲೆ ಅಂಕಿಯಲ್ಲಿ ಅನ್ನುವ ಕ್ರಮವನ್ನು ಜೆರೋಮ್ ಬ್ರೂನರ್ ಅನ್ನುವ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಹೇಳಿದ್ದರು. ಸಿಂಗಾಪುರದವರು 1980ರ ದಶಕದಿಂದ ತಮ್ಮ ಪಠ್ಯವನ್ನೇ ಅದರ ಮೇಲೆ ಕಟ್ಟಿದ್ದಾರೆ. ನಾವು ಮಧ್ಯದ ಚಿತ್ರವನ್ನು ಬಿಟ್ಟುಬಿಡುತ್ತೇವೆ. ಕಡ್ಡಿ ಆಟ ಒಂದು ದಿನ, ಲೆಕ್ಕ ಇನ್ನೊಂದು ದಿನ. ಮಗುವಿಗೆ ಅವೆರಡೂ ಬೇರೆ ಬೇರೆ.

ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರ ಕೈಯಲ್ಲಿ ಕಡ್ಡಿ, ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್. ಕಡ್ಡಿಯವರು ಏನು ಮಾಡುತ್ತಾರೋ ಅದನ್ನು ಪೆನ್ಸಿಲಿನವರು ಆಗಲೇ ಬರೆಯಬೇಕು. ಒಂದು ಕಟ್ಟು ಬಿಚ್ಚಿದರು, ಪುಸ್ತಕದಲ್ಲಿ 5 ಹೊಡೆದು 4, 2ರ ಜಾಗದಲ್ಲಿ 12. ಬರೆಯುವವರೆಗೆ ಕಡ್ಡಿಯವರು ಮುಂದೆ ಹೋಗುವಂತಿಲ್ಲ. ನಾಲ್ಕು ಲೆಕ್ಕ ಆದ ಮೇಲೆ ಅದಲು ಬದಲು. ಮಾರನೇ ದಿನ ಕಡ್ಡಿ ಬದಲು ಉದ್ದ ಗೆರೆ, ಚುಕ್ಕಿ. ಗೆರೆ ಅಂದರೆ ಹತ್ತು, ಚುಕ್ಕಿ ಅಂದರೆ ಒಂದು.

ತರಬೇತಿಯಲ್ಲಿರುವ ಶಿಕ್ಷಕಿ

ಅಭ್ಯಾಸದ ಲೆಕ್ಕಗಳನ್ನೂ ಸ್ವಲ್ಪ ನೋಡಬೇಕು ಅನ್ನಿಸುತ್ತೆ. ಒಂದು ಅಧ್ಯಾಯ ಮುಗಿದರೆ ಕೊನೆಯ ಇಪ್ಪತ್ತು ಲೆಕ್ಕವೂ ಅದೇ ಜಾತಿ. ಕಳೆಯುವ ಅಧ್ಯಾಯ ಅಂದರೆ ಓದದೇ ಕಳೆಯಬಹುದು. ಮಗು ಕಲಿಯಬೇಕಾದ ಮುಖ್ಯ ವಿಷಯ, ಅಂದರೆ ಇಲ್ಲಿ ಯಾವ ಲೆಕ್ಕ ಮಾಡಬೇಕು ಅನ್ನುವುದು, ಅಲ್ಲೇ ತಪ್ಪಿಹೋಗುತ್ತೆ. ಫ್ರಾನ್ಸಿನಲ್ಲಿ 1980ರ ಸುಮಾರಿಗೆ ಸಣ್ಣ ಮಕ್ಕಳಿಗೆ ಕೊಟ್ಟ ಪ್ರಶ್ನೆ ಇದು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಮಾಡಿ ಉತ್ತರ ಕೊಟ್ಟರು. ಪ್ರಶ್ನೆಗೆ ಅರ್ಥ ಇದೆಯಾ ಅಂತ ನೋಡುವುದು ಗಣಿತದ ಭಾಗವೇ ಅಲ್ಲ ಅಂತ ನಾವೇ ಅವರಿಗೆ ಕಲಿಸಿದ್ದೇವೆ.

ನಾನು ಮನೆಕೆಲಸಕ್ಕೆ ಎಂಟು ಲೆಕ್ಕ ಕೊಟ್ಟರೆ ಮೂರು ಇವತ್ತಿನದು, ಉಳಿದವು ಹಿಂದಿನ ವಾರದ್ದು, ಹಿಂದಿನ ತಿಂಗಳದ್ದು. ಕಲಸಿ ಕೊಡುತ್ತೇನೆ. ಮೊದಲು ತಪ್ಪು ಜಾಸ್ತಿ ಆಗುತ್ತೆ, ಅದಕ್ಕೆ ಹೆದರಬಾರದು.

ಇನ್ನೊಂದು ಪ್ರಶ್ನೆ ಇತ್ತು. ಮಕ್ಕಳು ತಾವೇ ಕಂಡುಹಿಡಿಯಲಿ ಅಂತ ಬಿಡಬೇಕೋ, ಮೊದಲು ಮಾಡಿ ತೋರಿಸಬೇಕೋ?

ಹೈಸ್ಕೂಲ್ ಗಣಿತ ಮೇಷ್ಟ್ರು

ಪೂರ್ತಿ ಹೊಸ ವಿಷಯವಾದರೆ ನಾನು ಮಾಡಿ ತೋರಿಸುತ್ತೇನೆ. ಒಂದು ಬಿಡಿಸಿದ ಲೆಕ್ಕ, ಪಕ್ಕದಲ್ಲೇ ಅದೇ ಥರದ ಬಿಡಿಸದ ಲೆಕ್ಕ. ಆಮೇಲೆ ಕೊನೆಯ ಹೆಜ್ಜೆ ಮಾತ್ರ ಖಾಲಿ ಬಿಟ್ಟ ಲೆಕ್ಕ, ಆಮೇಲೆ ಎರಡು ಹೆಜ್ಜೆ ಖಾಲಿ. ಸ್ವೆಲ್ಲರ್ ಮತ್ತು ಕೂಪರ್ ಅನ್ನೋ ಸಂಶೋಧಕರು 1985ರಲ್ಲಿ ಬೀಜಗಣಿತದಲ್ಲೇ ಇದನ್ನು ನೋಡಿದ್ದರು. ಬಿಡಿಸಿದ ಲೆಕ್ಕ ಓದಿದವರು ಹೊಸ ಲೆಕ್ಕವನ್ನು ಬೇಗ, ಕಡಿಮೆ ತಪ್ಪಿನಲ್ಲಿ ಮಾಡಿದರು. ಆದರೆ ಮಕ್ಕಳಿಗೆ ಸ್ವಲ್ಪ ಹಿಡಿತ ಬಂದ ಮೇಲೂ ಮಾಡಿ ತೋರಿಸುತ್ತಲೇ ಇದ್ದರೆ ಅದೇ ಅಡ್ಡಿ ಆಗುತ್ತೆ. ಆಗ ಬಿಡಬೇಕು, ಒದ್ದಾಡಲಿ.

ನಾಲ್ಕನೇ ತರಗತಿ ಟೀಚರ್

ಮೂರು ವಾರದ ಮೇಲೆ ಬರುತ್ತಿದ್ದೇನೆ. ಇಲ್ಲಿ ಓದಿದ್ದನ್ನು ಮಾಡಿ ನೋಡಿದೆ.

ಸೋಮವಾರ ಬೋರ್ಡಿನ ಮೇಲೆ 52 − 27 = 35 ಅಂತ ಬರೆದೆ. ಯಾರದ್ದು ಅಂತ ಹೇಳಲಿಲ್ಲ. "ಇದು ಸರಿ ಅಂತ ನನ್ನನ್ನ ಒಪ್ಪಿಸಿ, ಇಲ್ಲಾ ತಪ್ಪು ಅಂತ ತೋರಿಸಿ" ಅಂದು ಕೂತೆ. ಐದರವರೆಗೆ ಎಣಿಸಿದೆ. ಕೊನೆ ಬೆಂಚಿನಿಂದ ಒಬ್ಬ ಎದ್ದ: "35ಕ್ಕೆ 27 ಕೂಡಿಸಿದ್ರೆ 62 ಆಗುತ್ತೆ ಮಿಸ್. 52 ಆಗಬೇಕಿತ್ತಲ್ಲ." ನಾನು ಹೇಳಿಕೊಟ್ಟಿರಲಿಲ್ಲ ಅದನ್ನು.

ಆಮೇಲೆ ಜೋಡಿ ಮಾಡಿ ಕಡ್ಡಿ ಕೊಟ್ಟೆ. ನನ್ನ ಹುಡುಗಿಯ ಕೈಗೆ ಕಡ್ಡಿ. ಐದು ಕಟ್ಟು, ಎರಡು ಬಿಡಿ. ಏಳು ಕೊಡು ಅಂದರೆ ಎರಡೇ ಇದೆ. ಕಟ್ಟನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಬಿಚ್ಚಬಹುದಾ ಮಿಸ್?" ಅಂದಳು. "ಬಿಚ್ಚು" ಅಂದೆ. ಬಿಚ್ಚಿ, ಏಳು ತೆಗೆದು, ಎರಡು ಕಟ್ಟು ಎತ್ತಿಟ್ಟು, ಉಳಿದಿದ್ದನ್ನು ಎಣಿಸಿ 25 ಅಂದಳು. "ಸಾಲ ತಗೊಳ್ಳೋದು ಅಂತ ಹೇಳ್ತೀರಲ್ಲ ಮಿಸ್, ಇದು ಸಾಲ ಅಲ್ಲವಲ್ಲ. ನಮ್ದೇ ಕಟ್ಟು, ಬಿಚ್ಚಿದ್ವಿ ಅಷ್ಟೆ." ಅಂದಿನಿಂದ ಕ್ಲಾಸಿನಲ್ಲಿ ಸಾಲ ಅನ್ನುವ ಮಾತನ್ನೇ ಬಿಟ್ಟಿದ್ದೇವೆ. "ಬಿಚ್ಚೋದು" ಅಂತಲೇ ಹೇಳುತ್ತೇವೆ.

ಎರಡಂಕಿಯ ಲೆಕ್ಕ ಈಗ ಸರಿ ಬರುತ್ತಿದೆ. ನಿನ್ನೆ ಮೂರಂಕಿಗೆ ಹೋದೆ. 402ರಲ್ಲಿ 178. ಅವಳು 134 ಅಂತ ಬರೆದಿದ್ದಾಳೆ. ಇನ್ನೂ ಎಂಟು ಮಕ್ಕಳ ಪುಸ್ತಕದಲ್ಲೂ 134. ಈ ಸಲ ಕೆಂಪು ಪೆನ್ನು ಮುಟ್ಟಿಲ್ಲ. ಆದರೆ ದಾರಿ ಪೂರ್ತಿ ಹಿಡಿಯೋಕೆ ಆಗಲಿಲ್ಲ. ಯಾರಾದರೂ ನೋಡಿ ಹೇಳ್ತೀರಾ?

ವಿಶೇಷ ಶಿಕ್ಷಕಿ

ಬಿಡಿ ಸ್ಥಾನದಲ್ಲಿ 2 ಇದೆ, 8 ಬೇಕು. ಹತ್ತರ ಮನೆಯಲ್ಲಿ ಸೊನ್ನೆ, ಬಿಚ್ಚೋಕೆ ಕಟ್ಟೇ ಇಲ್ಲ. ಅದಕ್ಕೆ ನೇರವಾಗಿ ನೂರರ ಮನೆಗೆ ಹೋಗಿದ್ದಾಳೆ. 4 ಇದ್ದಿದ್ದು 3, 2 ಇದ್ದಿದ್ದು 12. ಹನ್ನೆರಡರಲ್ಲಿ ಎಂಟು ಹೋಗಿ 4. ಹತ್ತರ ಮನೆಯಲ್ಲಿ ಮತ್ತೆ ಸೊನ್ನೆ, 7 ಬೇಕು. ಮತ್ತೆ ನೂರನ್ನು ಬಿಚ್ಚಿದ್ದಾಳೆ. 3 ಇದ್ದಿದ್ದು 2, ಸೊನ್ನೆ ಇದ್ದಿದ್ದು 10. ಹತ್ತರಲ್ಲಿ ಏಳು ಹೋಗಿ 3. ಎರಡರಲ್ಲಿ ಒಂದು ಹೋಗಿ 1. 134.

ಮೊದಲನೇ ಸಲ ನೂರರ ಕಟ್ಟು ಬಿಚ್ಚಿ ಹತ್ತು ಕಡ್ಡಿ ಮಾತ್ರ ತಗೊಂಡಳು. ಉಳಿದ ತೊಂಬತ್ತು ಎಲ್ಲಿ ಹೋಯಿತು ಅಂತ ಕೇಳಿ.

ಹೈಸ್ಕೂಲ್ ಗಣಿತ ಮೇಷ್ಟ್ರು

ಮೇಡಂ, ಸರಿ ಉತ್ತರ 224. ಅವಳದ್ದು 134. ಎರಡರ ಮಧ್ಯೆ ಎಷ್ಟು ವ್ಯತ್ಯಾಸ ನೋಡಿ.

ನಾಲ್ಕನೇ ತರಗತಿ ಟೀಚರ್

ತೊಂಬತ್ತು! ಸರಿಯಾಗಿ ತೊಂಬತ್ತು. ಅಷ್ಟು ಹೊತ್ತು ನೋಡಿದರೂ ನನಗೆ ಕಂಡಿರಲಿಲ್ಲ.

ನಾಳೆ ಮೊದಲ ಪೀರಿಯಡ್ ನನ್ನದೇ. ಈಗ ಕೂತು ಹತ್ತರ ಕಟ್ಟು ಹತ್ತು ಸೇರಿಸಿ ನೂರರ ಕಟ್ಟು ಕಟ್ಟುತ್ತಿದ್ದೇನೆ. ನಾಲ್ಕು ಬೇಕು, ಮೂರು ಆಗಿದೆ.